ಗ್ಯಾರೇಜಾ, ರಸ್ತೆನಾ? ರೇಸಿಂಗ್ ಗೇಮ್ ತಗೊಳ್ಳೋ ಮುಂಚೆ ಇದನ್ನ ಯೋಚಿಸಿ

ರೇಸಿಂಗ್ ಗೇಮ್ ತಗೋಬೇಕು ಅಂತ ಹುಡುಕೋಕೆ ಕೂತ್ರೆ ಎಲ್ಲಾ ಕಡೆ ಹೇಳೋದು ಅದೇ ಮೂರು ವಿಷ್ಯ: ಎಷ್ಟು ನೂರು ಕಾರಿದೆ, ಮ್ಯಾಪ್ ಎಷ್ಟು ದೊಡ್ಡದು, ಗ್ರಾಫಿಕ್ಸ್ ಎಷ್ಟು ನಿಜದ ಥರ ಕಾಣತ್ತೆ. ಈ ಮೂರನ್ನೂ ನೋಡಿ ದುಡ್ಡು ಕೊಟ್ಟು ತಗೊಂಡು ಹದಿನೈದು ದಿನಕ್ಕೆ ಬೇಜಾರಾಗಿ ಬಿಟ್ಟವರು ಬೇಕಾದಷ್ಟು ಜನ ಇದಾರೆ. ಯಾರಾದ್ರೂ ಕೇಳಿದ್ರೆ ನಾನು ಮೊದ್ಲು ಕೇಳೋದು ಒಂದೇ, ದಿನಕ್ಕೆ ಸಿಗೋ ಅರ್ಧ ಮುಕ್ಕಾಲು ಗಂಟೆನ ಗ್ಯಾರೇಜಲ್ಲಿ ಕಳೀತೀರಾ ರಸ್ತೆ ಮೇಲೆ ಕಳೀತೀರಾ? ಈಗಿನ ದೊಡ್ಡ ಗೇಮ್‌ಗಳಲ್ಲಿ ಇವೆರಡೂ ಬೇರೆ ಬೇರೆ ಆಟಗಳೇ ಆಗ್ಬಿಟ್ಟಿವೆ, ಒಂದು ಇಷ್ಟ ಆದವರಿಗೆ ಇನ್ನೊಂದು ಇಷ್ಟ ಆಗ್ಲೇಬೇಕು ಅಂತೇನಿಲ್ಲ. ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳ್ಬಿಡ್ತೀನಿ, ರಸ್ತೆ ಕಡೆ. ಸಿಂಪಲ್ ಆರ್ಕೇಡ್ ಗೇಮ್‌ಗಳನ್ನ (ಕಾಯಿನ್ ಹಾಕಿ ಆಡೋ ಮಷೀನ್ ಗೇಮ್‌ಗಳು, ಅವುಗಳ ಥರದವು) ಮಕ್ಕಳಾಟ ಅಂತ ಪಕ್ಕಕ್ಕೆ ತಳ್ಳೋದು ನೋಡಿದ್ರೆ ನಂಗೆ ನಿಜವಾಗ್ಲೂ ಬೇಸರ ಆಗತ್ತೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೀತಿದೀನಿ.

ಆರ್ಕೇಡ್ ಯಾಕೆ ಅಷ್ಟು ಸಿಂಪಲ್ಲು

1986ರಲ್ಲಿ ಸೆಗಾದಿಂದ ಬಂದ ಔಟ್‌ರನ್ ತಗೊಳ್ಳಿ, ಯೂ ಸುಜುಕಿ ಮಾಡಿದ್ದು. ಒಂದು ಸ್ಟೀರಿಂಗು, ಎರಡು ಪೆಡಲ್ಲು, ಲೋ ಹೈ ಅಂತ ಎರಡೇ ಗೇರು. ನಿಮ್ಮ ಮುಂದೆ ಒಂದೇ ಕೆಂಪು ಕಾರು, ಬೇರೆ ಕಾರು ಆರಿಸೋ ಪ್ರಶ್ನೆನೇ ಇಲ್ಲ. ಶುರು ಮಾಡೋ ಮುಂಚೆ ನೀವು ಆರಿಸಬೇಕಾಗಿರೋದು ರೇಡಿಯೋದಲ್ಲಿ ಮೂರು ಟ್ಯೂನಲ್ಲಿ ಯಾವ್ದು ಬೇಕು ಅಂತ ಅಷ್ಟೇ. ಆಮೇಲೆ ಪ್ರತಿ ಸ್ಟೇಜ್ ಕೊನೇಲಿ ರಸ್ತೆ ಎರಡಾಗಿ ಒಡೆಯತ್ತೆ, ಎಡಕ್ಕೋ ಬಲಕ್ಕೋ ನೀವೇ ತೀರ್ಮಾನ ಮಾಡಿ, ಒಟ್ಟು 15 ಸ್ಟೇಜು ಇದ್ರೂ ಒಂದ್ ಸಲಕ್ಕೆ ಆಡೋದು ಐದೇ, ಕೊನೆ ಮುಟ್ಟೋದೂ ಐದು ಬೇರೆ ಬೇರೆ ಕಡೆ. ಟೈಮ್ ಮುಗಿಯೋ ಮುಂಚೆ ಚೆಕ್‌ಪಾಯಿಂಟ್ ದಾಟಬೇಕು. ಆಟ ಅಂದ್ರೆ ಇಷ್ಟೇ.

ಇಷ್ಟು ಕಮ್ಮಿ ಯಾಕೆ ಅಂದ್ರೆ ಅದು ಕಾಯಿನ್ ಹಾಕೋ ಮಷೀನು. ಯಾರೋ ಗೊತ್ತಿಲ್ಲದವರು ಬಂದು ನಿಂತ್ರೆ ಕೆಲವೇ ಸೆಕೆಂಡಲ್ಲಿ ಏನು ಮಾಡಬೇಕು ಅಂತ ಅರ್ಥ ಆಗಬೇಕು, ಎರಡು ಮೂರು ನಿಮಿಷದಲ್ಲಿ ಸೋಲಬೇಕು, ಸೋತ್ಮೇಲೆ "ಆ ತಿರುವಲ್ಲಿ ಬ್ರೇಕ್ ಹಿಡಿಬಾರದಿತ್ತು" ಅಂತ ಅನಿಸಿ ಕೈ ಜೇಬಿಗೆ ಹೋಗಬೇಕು. ಮೆನು ಓದ್ಕೊಂಡು ನಿಲ್ಲೋ ಟೈಮ್ ಆಟಗಾರನಿಗೂ ಇಲ್ಲ ಮಷೀನ್ ಇಟ್ಟವನಿಗೂ ಬೇಡ. ಆಮೇಲೆ ಬಂದ ನಾಮ್‌ಕೋದ ರಿಡ್ಜ್ ರೇಸರ್, ಸೆಗಾದ ಡೇಟೋನಾ ಯುಎಸ್‌ಎ, ಸೆಗಾ ರ‍್ಯಾಲಿ, ಎಲ್ಲವೂ ಇದೇ ಒತ್ತಡದಲ್ಲಿ ಹುಟ್ಟಿದ್ದು. ಸೆಗಾ ರ‍್ಯಾಲಿಲಿ ಟಾರು, ಜಲ್ಲಿ, ಕೆಸರು ಒಂದೊಂದರ ಮೇಲೂ ಕಾರು ಬೇರೆ ಥರ ಜಾರತ್ತೆ, ಅದನ್ನ ಯಾರೂ ನಿಮಗೆ ಬರ್ದು ಹೇಳಲ್ಲ, ಎರಡು ಸುತ್ತು ಹೊಡೆದ್ರೆ ಕೈಗೇ ಗೊತ್ತಾಗತ್ತೆ.

ನಮ್ಮಲ್ಲಿ ಇದಕ್ಕೆ ಸರಿಸಮ ಅಂದ್ರೆ ಸೈಬರ್ ಸೆಂಟರ್ ಕಾಲ. ಗಂಟೆ ಲೆಕ್ಕದಲ್ಲಿ ದುಡ್ಡು, ಪಕ್ಕದಲ್ಲಿ ಇಬ್ಬರು ಕಾಯ್ತಿರ್ತಾರೆ, ಅಂಥ ಜಾಗದಲ್ಲಿ ರೋಡ್ ರ‍್ಯಾಶು, ನೀಡ್ ಫಾರ್ ಸ್ಪೀಡ್ ಟೂ ಎಸ್‌ಇ ಇವೇ ಓಡಿದ್ದು ಸುಮ್ನೆ ಅಲ್ಲ. 1996ರಲ್ಲಿ ಪಿಸಿಗೆ ಬಂದ ರೋಡ್ ರ‍್ಯಾಶಲ್ಲಿ ಗೆದ್ದ ದುಡ್ಡಲ್ಲಿ ಹೊಸ ಬೈಕ್ ತಗೋಬಹುದು, ಕಸ್ಟಮೈಸೇಷನ್ ಅಂದ್ರೆ ಅಷ್ಟೇ. ಉಳಿದಿದ್ದೆಲ್ಲ ಪಕ್ಕದವನಿಗೆ ಒದೆಯೋದು, ಅವನ ಕೈಲಿರೋ ಚೈನ್ ಕಿತ್ಕೊಳ್ಳೋದು, ಎದುರಿಗೆ ಬರೋ ಕಾರು ತಪ್ಪಿಸ್ಕೊಳ್ಳೋದು. ಬೆಂಗಳೂರಿರ್ಲಿ ದಾವಣಗೆರೆ ಇರ್ಲಿ, ಇಂಗ್ಲಿಷ್ ಸರಿಯಾಗಿ ಓದಕ್ಕೆ ಬರದ ಹುಡುಗ ಕೂಡ ಮೊದಲ ನಿಮಿಷದಿಂದ ಆಡ್ತಿದ್ದ.

ಕಸ್ಟಮೈಸೇಷನ್ ಅನ್ನೋದು ಎರಡು ಬೇರೆ ವಿಷ್ಯ

ಇನ್ನೊಂದು ಕವಲು, ಅಂದ್ರೆ ಗ್ಯಾರೇಜ್ ಕಡೆದು, ದೊಡ್ಡದಾಗಿದ್ದು 1997ರ ಡಿಸೆಂಬರಲ್ಲಿ ಜಪಾನಲ್ಲಿ ಗ್ರ್ಯಾನ್ ಟೂರಿಸ್ಮೋ ಬಂದ್ಮೇಲೆ. ಕಜುನೊರಿ ಯಮಾಉಚಿ ತಂಡದ ಆ ಗೇಮಲ್ಲಿ ಮೊದಲು ಲೈಸೆನ್ಸ್ ಟೆಸ್ಟ್ ಪಾಸ್ ಮಾಡಬೇಕು, ಕೈಲಿರೋ ಸ್ವಲ್ಪ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಕಾರು ತಗೋಬೇಕು, ಟರ್ಬೋ ಹಾಕ್ಸಬೇಕು, ಸಸ್ಪೆನ್ಷನ್ ಬದಲಾಯಿಸಬೇಕು. ಮುಂದೆ 2003ರಲ್ಲಿ ನೀಡ್ ಫಾರ್ ಸ್ಪೀಡ್ ಅಂಡರ್‌ಗ್ರೌಂಡ್, 2004ರಲ್ಲಿ ಅಂಡರ್‌ಗ್ರೌಂಡ್ 2 ಬಂದು ಇನ್ನೊಂದೇ ದಾರಿ ತೆಗೆದ್ವು: ಬಾಡಿ ಕಿಟ್ಟು, ಕಾರಿನ ಕೆಳಗೆ ನಿಯಾನ್ ಲೈಟು, ಡಿಕ್ಕಿ ತುಂಬಾ ಸ್ಪೀಕರು, ಹೈಡ್ರಾಲಿಕ್ಸು.

ಇವೆರಡನ್ನ ಎಲ್ರೂ ಕಸ್ಟಮೈಸೇಷನ್ ಅಂತ ಒಂದೇ ಹೆಸರಲ್ಲಿ ಕರೀತಾರೆ, ಅಲ್ಲೇ ಗೊಂದಲ ಶುರುವಾಗೋದು. ಒಂದು ಕಾರಿನ ರೂಪ ಬದಲಾಯಿಸೋದು, ಇದು ಅಲಂಕಾರ, ಇದರಿಂದ ಆಟಕ್ಕೆ ಏನೂ ತೊಂದ್ರೆ ಇಲ್ಲ, ಬಣ್ಣ ಹಚ್ಚಿ ಸ್ಟಿಕ್ಕರ್ ಅಂಟಿಸಿ ನಮ್ಮದೇ ಕಾರು ಅಂತ ಮಾಡ್ಕೊಳ್ಳೋ ಖುಷಿ ದೊಡ್ಡ ಖುಷಿನೇ. ಇನ್ನೊಂದು ಕಾರು ಓಡೋ ರೀತಿನೇ ಬದಲಾಯಿಸೋದು. ನಾನು ಕೆಳಗೆ ತಕರಾರು ತೆಗೆಯೋದೆಲ್ಲ ಈ ಎರಡನೇದರ ಮೇಲೆ.

ಉದಾಹರಣೆಗೆ ಫೋರ್ಜಾ ಹೊರೈಜನ್ 5. ನಿಮ್ಮ ಕಾರು ತಿರುವಲ್ಲಿ ಮೂತಿ ತಿರುಗಿಸದೆ ನೇರ ಹೋಗ್ತಿದೆ ಅನ್ಕೊಳ್ಳಿ. ಟ್ಯೂನಿಂಗ್ ಮೆನು ತೆಗೆದ್ರೆ ಟೈರ್ ಪ್ರೆಶರ್, ಗೇರಿಂಗ್, ಅಲೈನ್‌ಮೆಂಟ್, ಆಂಟಿರೋಲ್ ಬಾರ್, ಸ್ಪ್ರಿಂಗ್, ಡ್ಯಾಂಪಿಂಗ್, ಏರೋ, ಬ್ರೇಕ್, ಡಿಫರೆನ್ಷಿಯಲ್ ಅಂತ ಸಾಲಾಗಿ ಬರ್ತಾವೆ, ಅದ್ರಲ್ಲಿ ಅರ್ಧಕ್ಕೆ ಬೀಗ, ಯಾಕಂದ್ರೆ ಆ ಪಾರ್ಟ್ ನೀವು ಇನ್ನೂ ಕೊಂಡಿಲ್ಲ. ಕೊಂಡ್ರೆ ಕಾರಿನ ರೇಟಿಂಗ್ ಏರತ್ತೆ, ಎ ಕ್ಲಾಸ್ ಮಿತಿ 800, ಅದನ್ನ ದಾಟಿದ್ರೆ ಎಸ್1ಗೆ ಹೋಗ್ಬಿಡತ್ತೆ, ಹಾಗಾಗಿ ಎಂಜಿನ್ನಿಂದ ಏನಾದ್ರೂ ತೆಗೀಬೇಕು. ಸರಿ, ಮುಂದಿನ ಆಂಟಿರೋಲ್ ಬಾರ್ (ತಿರುವಲ್ಲಿ ಕಾರು ವಾಲೋದನ್ನ ತಡೆಯೋ ಸರಳು) ಮೆತ್ತಗೆ ಮಾಡಿದ್ರಿ, ಮೂತಿ ತಿರುಗ್ತು, ಈಗ ತಿರುವಿಂದ ಆಚೆ ಬರುವಾಗ ಹಿಂಭಾಗ ಜಾರತ್ತೆ, ಮತ್ತೆ ಮೆನು, ಡಿಫರೆನ್ಷಿಯಲ್ (ಎಡ ಬಲ ಚಕ್ರಕ್ಕೆ ಶಕ್ತಿ ಹಂಚೋ ಭಾಗ) ಇಳಿಸಿ, ಮತ್ತೆ ಒಂದು ಸುತ್ತು. ಇದು ಇಷ್ಟ ಆಗೋರಿಗೆ ಇದಕ್ಕಿಂತ ಸಂತೋಷ ಇನ್ನೊಂದಿಲ್ಲ, ಆ ಕೊನೇ ಸುತ್ತಲ್ಲಿ ಕಾರು ಹೇಳಿದ ಮಾತು ಕೇಳೋಕೆ ಶುರು ಮಾಡಿದಾಗ ಸಿಗೋ ತೃಪ್ತಿ ನಿಜವಾದ್ದೇ. ಆದ್ರೆ ಕೆಲಸ ಮುಗಿಸಿ ಮನೆಗೆ ಬಂದು ಊಟಕ್ಕೆ ಮುಂಚೆ ಅರ್ಧ ಗಂಟೆ ಸಿಕ್ಕಿದವರಿಗೆ ಆ ಅರ್ಧ ಗಂಟೆ ಇಲ್ಲೇ ಮುಗಿದುಹೋಗತ್ತೆ.

ಇದರ ಪಕ್ಕಕ್ಕೆ 2008ರ ಬರ್ನ್‌ಔಟ್ ಪ್ಯಾರಡೈಸ್ ಇಟ್ಟು ನೋಡಿ. ಅಲ್ಲೂ ಗ್ಯಾರೇಜ್ ಇದೆ, ಆದ್ರೆ ಅದು ಊರಿನ ರಸ್ತೆ ಪಕ್ಕ ಎರಡೂ ಕಡೆ ತೆರೆದಿರೋ ಒಂದು ಜಾಗ. ಕಾರು ನಜ್ಜುಗುಜ್ಜಾಗಿದ್ರೆ ಒಂದು ಬಾಗಿಲಿಂದ ಒಳಗೆ ನುಗ್ಗಿ ಇನ್ನೊಂದರಿಂದ ಆಚೆ ಬನ್ನಿ, ನಿಲ್ಲಿಸೋದೇ ಬೇಡ, ಕಾರು ಹೊಸದರ ಥರ ಆಗಿರತ್ತೆ. ಪೇಂಟ್ ಶಾಪಿಗೆ ನುಗ್ಗಿದ್ರೆ ಬಣ್ಣ ಬದಲಾಗತ್ತೆ, ಪೆಟ್ರೋಲ್ ಬಂಕಿಗೆ ನುಗ್ಗಿದ್ರೆ ಸ್ವಲ್ಪ ಹೊತ್ತು ಜಾಸ್ತಿ ವೇಗ ಕೊಡೋ ಬೂಸ್ಟ್ ತುಂಬತ್ತೆ. ರೇಸ್ ಶುರು ಮಾಡಬೇಕಾ, ಯಾವ್ದಾದ್ರೂ ಸಿಗ್ನಲ್ ಹತ್ರ ನಿಂತು ಆಕ್ಸಿಲರೇಟರ್ ಬ್ರೇಕ್ ಎರಡೂ ಒಟ್ಟಿಗೆ ಒತ್ತಿ, ಶುರು. ದಾರಿ ಯಾವ್ದು ಅಂತನೂ ಗೆರೆ ಎಳೆದು ತೋರ್ಸಲ್ಲ, ಎಲ್ಲಿಗೆ ಮುಟ್ಟಬೇಕು ಅಂತ ಮಾತ್ರ ಹೇಳ್ತಾರೆ, ಊರಿನ ಗಲ್ಲಿ ಗಲ್ಲಿ ನಿಮಗೆ ಬಾಯಿಪಾಠ ಆಗ್ತಾ ಹೋದ ಹಾಗೆ ನೀವು ವೇಗ ಆಗ್ತೀರ. ಕಾರಿನ ಪಾರ್ಟ್ ಒಂದೂ ಬದಲಾಗಿರಲ್ಲ, ಬದಲಾಗಿರೋದು ನಿಮ್ಮ ತಲೆಲಿರೋ ನಕ್ಷೆ. ನಂಗೆ ಈ ಗೇಮ್ ಇವತ್ತಿಗೂ ಇಷ್ಟ ಆಗೋದು ಇದಕ್ಕೇ. ಕೊರತೆ ಇಲ್ಲ ಅಂತಲ್ಲ, ಮೊದಲು ಬಂದಾಗ ಸೋತ ರೇಸನ್ನ ಅಲ್ಲೇ ಮತ್ತೆ ಶುರು ಮಾಡೋ ಆಯ್ಕೆನೇ ಇರ್ಲಿಲ್ಲ, ಊರಿನ ಆ ತುದಿಯಿಂದ ವಾಪಸ್ ಬರಬೇಕಿತ್ತು, ಆಮೇಲೆ ಅಪ್‌ಡೇಟಲ್ಲಿ ಸರಿಮಾಡಿದ್ರು. 2018ರ ರೀಮಾಸ್ಟರ್ಡ್ ತಗೊಂಡ್ರೆ ಆ ತಾಪತ್ರಯ ಇಲ್ಲ.

ಸೋತಾಗ ಕಾರಣ ಗೊತ್ತಾಗಬೇಕು

ಸಿಂಪಲ್ ಗೇಮ್‌ಗಳ ನಿಜವಾದ ಬಲ ಇಲ್ಲಿದೆ ಅಂತ ನನ್ನ ನಂಬಿಕೆ. 2010ರ ನೀಡ್ ಫಾರ್ ಸ್ಪೀಡ್ ಹಾಟ್ ಪರ್ಸ್ಯೂಟ್ ನೋಡಿ, ಬರ್ನ್‌ಔಟ್ ಮಾಡಿದ ಕ್ರೈಟೀರಿಯನ್‌ನವರೇ ಮಾಡಿದ್ದು. ಅದ್ರಲ್ಲಿ ಕಾರಿನ ಬಣ್ಣ ಬಿಟ್ರೆ ನೀವು ಬೇರೇನೂ ಮುಟ್ಟೋ ಹಾಗಿಲ್ಲ. ಅಂಡರ್‌ಗ್ರೌಂಡ್ ಆಡಿ ಬೆಳೆದವರಿಗೆ ಇದು ಮೊದಲು ಬರೀ ಕೈಲಿ ಕೂರಿಸಿದ ಹಾಗೆ ಅನಿಸಬಹುದು. ಆದ್ರೆ ಆಟೋಲಾಗ್ ಅಂತ ಒಂದಿದೆ ಅದ್ರಲ್ಲಿ, ನಿಮ್ಮ ಫ್ರೆಂಡ್ ಆ ರಸ್ತೆಲಿ ಎಷ್ಟು ಟೈಮ್ ಮಾಡಿದಾನೆ ಅಂತ ನಿಮ್ಮ ಮುಂದೆ ತಂದು ಇಡತ್ತೆ. ಕಾರಿಗೆ ಯಾರೂ ಒಳಗಿಂದ ಏನೂ ಸೇರಿಸಿಲ್ಲ, ರಸ್ತೆ ಅದೇ, ನೀವೂ ಅವನ ಕಾರನ್ನೇ ಆರಿಸಿದ್ರೆ ಕಾರೂ ಅದೇ, ಆಗ ಅವನು ನಿಮಗಿಂತ ಎರಡು ಸೆಕೆಂಡ್ ಮುಂದೆ ಇದ್ರೆ ಆ ಎರಡು ಸೆಕೆಂಡು ಎಲ್ಲೋ ಒಂದು ತಿರುವಲ್ಲಿ ಇದೆ, ಹುಡುಕಿದ್ರೆ ಸಿಗತ್ತೆ. ಟ್ಯೂನಿಂಗ್ ಇರೋ ಗೇಮಲ್ಲಿ ಸೋತಾಗ ಈ ಸ್ಪಷ್ಟತೆ ಇರಲ್ಲ, ನನ್ನ ಓಡಿಸೋದು ಸರಿ ಇಲ್ವಾ, ಕಾರ್ ಸೆಟಪ್ ಸರಿ ಇಲ್ವಾ, ಅವನ ಹತ್ರ ನನ್ನ ಹತ್ರ ಇಲ್ಲದ ಕಾರಿದ್ಯಾ, ಅಂತ ಮೂರು ಅನುಮಾನ ಒಟ್ಟಿಗೆ ಬರತ್ತೆ.

ಇದನ್ನ ಕೊನೇ ತನಕ ಎಳೆದಿರೋದು ಟ್ರ್ಯಾಕ್‌ಮೇನಿಯಾ. ಎಲ್ರಿಗೂ ಒಂದೇ ಕಾರು. ಮುಂದೆ, ಬ್ರೇಕು, ಎಡ, ಬಲ, ನಾಲ್ಕೇ ಕೀ. ಬೇರೆ ಆಟಗಾರರ ಕಾರು ನಿಮಗೆ ತಾಗೋದೂ ಇಲ್ಲ, ದೆವ್ವದ ಥರ ಮೈಯೊಳಗಿಂದ ಹಾದು ಹೋಗತ್ತೆ, ಸ್ಪರ್ಧೆ ಇರೋದು ಗಡಿಯಾರದ ಜೊತೆ. ತಪ್ಪಾಯ್ತಾ, ಒಂದು ಕೀ ಒತ್ತಿದ್ರೆ ಆ ಕ್ಷಣಕ್ಕೆ ಮತ್ತೆ ಶುರು. ಒಂದು ಟ್ರ್ಯಾಕು ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸು, ಅದ್ರಲ್ಲಿ ಕಂಚು, ಬೆಳ್ಳಿ, ಚಿನ್ನ, ಅದರ ಮೇಲೆ ಟ್ರ್ಯಾಕ್ ಮಾಡಿದವರದೇ ಟೈಮ್ ಸೋಲಿಸಿದ್ರೆ ಸಿಗೋ ಮೆಡಲ್ಲು. ಕಂಚು ಯಾರ್ ಬೇಕಾದ್ರೂ ತಗೋಬಹುದು, ಆ ಕೊನೇದನ್ನ ತಗೊಳ್ಳೋಕೆ ಹೊರಟ್ರೆ ಇಡೀ ಸಂಜೆ ಒಂದೇ ಟ್ರ್ಯಾಕಲ್ಲಿ ಕಳೆಯತ್ತೆ, ಮೆನು ಒಂದೂ ತೆಗೆದಿರಲ್ಲ. ಲಗೋರಿ ಇದ್ದ ಹಾಗೆ, ನಿಯಮ ಒಂದು ನಿಮಿಷದಲ್ಲಿ ಗೊತ್ತಾಗತ್ತೆ, ಕೈ ಕುದುರೋಕೆ ವರ್ಷ ಬೇಕು. ಹಳೇ ಪಿಸಿ, ಬರೀ ಕೀಬೋರ್ಡ್ ಇರೋರಿಗೂ ಇದು ಸರಿ ಹೋಗತ್ತೆ, ತುಂಬಾ ಚೆನ್ನಾಗಿ ಆಡೋರಲ್ಲೇ ಕೀಬೋರ್ಡಲ್ಲಿ ಆಡೋರು ಬೇಕಾದಷ್ಟು ಜನ ಇದಾರೆ. ದುಡ್ಡು ಕೊಡದೇನೇ ಶುರು ಮಾಡಬಹುದು.

ಒಂದು ಮಾತು ಮಾತ್ರ ಒಪ್ಕೋಬೇಕು. ಆರ್ಕೇಡ್ ಗೇಮ್‌ಗಳಲ್ಲಿ ಕಂಪ್ಯೂಟರ್ ಓಡಿಸೋ ಕಾರುಗಳಿಗೆ ರಬ್ಬರ್ ಬ್ಯಾಂಡ್ ಕಟ್ಟಿರ್ತಾರೆ, ಅಂದ್ರೆ ನೀವು ಎಷ್ಟೇ ಮುಂದೆ ಹೋದ್ರೂ ಅವು ಹೇಗೋ ಬಂದು ಹಿಂದೆ ಅಂಟ್ಕೊಳ್ತಾವೆ, ನೀವು ಹಿಂದೆ ಬಿದ್ರೆ ಅವೂ ನಿಧಾನ ಆಗ್ತಾವೆ. ರೋಮಾಂಚನಕ್ಕೆ ಅಂತ ಮಾಡಿರೋದು, ಆದ್ರೆ ಮೂರು ಲ್ಯಾಪ್ ಚೆನ್ನಾಗಿ ಓಡ್ಸಿ ಕೊನೇ ತಿರುವಲ್ಲಿ ಒಂದು ಸಣ್ಣ ತಪ್ಪಿಗೆ ಐದನೇ ಸ್ಥಾನಕ್ಕೆ ಬಿದ್ರೆ ಅದು ಅನ್ಯಾಯನೇ. ಹೊಸಬರು ಆರ್ಕೇಡ್ ಮೇಲೆ ಬೇಜಾರಾಗೋಕೆ ಇದು ದೊಡ್ಡ ಕಾರಣ. ನಿಮಗೂ ಹಾಗನಿಸಿದ್ರೆ ಆ ಗೇಮಲ್ಲಿ ಟೈಮ್ ಅಟ್ಯಾಕ್ ಮೋಡ್ (ಗಡಿಯಾರದ ಜೊತೆ ಮಾತ್ರ ಸ್ಪರ್ಧೆ) ಇದ್ರೆ ಅದಕ್ಕೆ ಹೋಗಿ, ಅಲ್ಲಿ ರಬ್ಬರ್ ಬ್ಯಾಂಡ್ ಇರಲ್ಲ.

ಹಾಗಾದ್ರೆ ಯಾರಿಗೆ ಯಾವ್ದು

ಕಾರು ಅಂದ್ರೆ ಪ್ರಾಣ, ಬಾನೆಟ್ ಎತ್ತಿದ್ರೆ ಒಳಗೆ ಏನಿದೆ ಅಂತ ಬಗ್ಗಿ ನೋಡೋ ಜಾತಿಯವರು ನೀವಾಗಿದ್ರೆ ನನ್ನ ಮಾತು ಪಕ್ಕಕ್ಕಿಟ್ಟು ಗ್ರ್ಯಾನ್ ಟೂರಿಸ್ಮೋ 7 ತಗೊಳ್ಳಿ. ಅದ್ರಲ್ಲಿ ಕೆಫೆ ಅಂತ ಇದೆ, ಒಂದೊಂದು ಮೆನು ಬುಕ್ ಮುಗಿಸಿದ ಹಾಗೆ ಆ ಕಾರುಗಳ ಇತಿಹಾಸ ಕೂರಿಸ್ಕೊಂಡು ಹೇಳ್ತಾರೆ, ಎಂಜಿನ್ ಆಯಿಲ್ ಕೂಡ ಬದಲಾಯಿಸಬೇಕು ಅದ್ರಲ್ಲಿ. ಆ ಪ್ರೀತಿ ನಂಗೆ ಅರ್ಥ ಆಗತ್ತೆ, ಗೌರವನೂ ಇದೆ. ಆದ್ರೆ ಪ್ಲೇಸ್ಟೇಷನ್ ಬೇಕು, ಹೆಚ್ಚಿನ ಭಾಗಕ್ಕೆ ಇಂಟರ್ನೆಟ್ ಸದಾ ಇರಬೇಕು, ಕರೆಂಟು ನೆಟ್ಟು ಆಗಾಗ ಕೈ ಕೊಡೋ ಕಡೆ ಇರೋರು ಇದನ್ನ ಗಮನಿಸಿ. ಪಿಸಿ ಇದ್ದು ನಿಜವಾದ ಟ್ರ್ಯಾಕ್ ಅನುಭವ ಬೇಕು ಅಂದ್ರೆ ಇಟಲಿಯವರ ಅಸೆಟ್ಟೋ ಕೊರ್ಸಾ, ಅದು 2014ರದ್ದು, ಮಾಡ್‌ಗಳು (ಆಟಗಾರರೇ ಮಾಡಿ ಸೇರಿಸೋ ಕಾರು, ಟ್ರ್ಯಾಕು ಇತ್ಯಾದಿ) ಲೆಕ್ಕ ಇಲ್ಲದಷ್ಟು. ಕೀಬೋರ್ಡಲ್ಲಿ ಮಾತ್ರ ಅದನ್ನ ಆಡಕ್ಕೆ ಹೋಗ್ಬೇಡಿ, ಕೀ ಅಂದ್ರೆ ಪೂರ್ತಿ ಒತ್ತೋದು ಇಲ್ಲಾ ಪೂರ್ತಿ ಬಿಡೋದು, ಅಂಥ ಗೇಮಿಗೆ ಅರ್ಧ ಒತ್ತೋದು ಕಾಲು ಒತ್ತೋದು ಬೇಕು.

ಮನೇಲಿ ನಾಲ್ಕು ಜನ ಕೂತು ಆಡಬೇಕು, ಅಕ್ಕನ ಮಕ್ಕಳು ಬರ್ತಾರೆ, ಅವರಲ್ಲಿ ಒಬ್ಬನಿಗೆ ಆರು ವರ್ಷ ಅಂದ್ರೆ ಯೋಚನೆನೇ ಬೇಡ, ನಿಂಟೆಂಡೋದ ಸ್ವಿಚ್ ಕನ್ಸೋಲಲ್ಲಿ ಆಡೋ ಮಾರಿಯೋ ಕಾರ್ಟ್ 8 ಡಿಲಕ್ಸ್. ಸ್ಮಾರ್ಟ್ ಸ್ಟೀರಿಂಗ್ ಆನ್ ಮಾಡಿದ್ರೆ ಸಣ್ಣವರು ರಸ್ತೆಯಿಂದ ಆಚೆ ಬೀಳಲ್ಲ, ಅದೇ ಗೇಮಲ್ಲಿ ದೊಡ್ಡವರಿಗೆ 200 ಸಿಸಿ ಅನ್ನೋ ಅತಿ ವೇಗದ ಮೋಡ್ ಇದೆ, ಅದನ್ನ ಆಡಿ ನೋಡಿದ್ಮೇಲೆ ಯಾರೂ ಮಕ್ಕಳಾಟ ಅನ್ನಲ್ಲ. ಸ್ವಿಚ್ ಇಲ್ಲದಿದ್ರೆ ಹಾಟ್‌ಶಾಟ್ ರೇಸಿಂಗ್, 2020ರದ್ದು, ಹಳೇ ಆರ್ಕೇಡ್ ಥರ ಮೂಲೆ ಮೂಲೆಯಾಗಿ ಕಾಣೋ ಕಾರುಗಳು, ನಾಲ್ಕು ಜನಕ್ಕೆ ಪರದೆ ಹಂಚೋ ವ್ಯವಸ್ಥೆ ಇದೆ. ಕಂಟ್ರೋಲರ್ ಒಂದೇ ಇದ್ರೆ ಬರ್ನ್‌ಔಟ್ ಪ್ಯಾರಡೈಸ್ ರೀಮಾಸ್ಟರ್ಡ್ ಒಳಗೆ ಪಾರ್ಟಿ ಮೋಡ್ ಇದೆ, ಎಂಟು ಜನದ ತನಕ ಕೈಯಿಂದ ಕೈಗೆ ದಾಟಿಸ್ಕೊಂಡು ಆಡಬಹುದು.

ಒಬ್ಬರೇ ಕೂತು ಸದ್ದಿಲ್ಲದೆ ಆಡೋ ಮನಸ್ಸಿದ್ರೆ ಆರ್ಟ್ ಆಫ್ ರ‍್ಯಾಲಿ. ಮೇಲಿಂದ ನೋಡೋ ಕ್ಯಾಮೆರಾ, ಆಟಿಕೆ ಥರ ಕಾರು, ನೋಡಿದ್ರೆ ತುಂಬಾ ಸುಲಭ ಅನಿಸತ್ತೆ, ಓಡಿಸೋಕೆ ಕೂತ್ರೆ ಗೊತ್ತಾಗತ್ತೆ ತೂಕ ಹೇಗೆ ಮುಂದೆ ಹಿಂದೆ ಓಡಾಡತ್ತೆ ಅಂತ.

ಮೊಬೈಲ್ ವಿಷ್ಯಕ್ಕೆ ಬಂದ್ರೆ ಎಚ್ಚರ ಬೇಕು, ಯಾಕಂದ್ರೆ ಇಲ್ಲಿ ಮೂರನೇ ಜಾತಿ ಒಂದಿದೆ: ಓಡಿಸೋದು ಸಿಂಪಲ್ಲು, ಆದ್ರೆ ಮೇಲಕ್ಕೆ ಹೋಗಬೇಕಂದ್ರೆ ಗ್ಯಾರೇಜಿನ ಕಷ್ಟ ಪೂರ್ತಿ. ಆಸ್ಫಾಲ್ಟ್ 9 ತಗೊಳ್ಳಿ, 2018ರಲ್ಲಿ ಬಂದಿದ್ದು, ಈಗ ಹೆಸರು ಬದಲಾಗಿದೆ. ಟಚ್‌ಡ್ರೈವ್ ಇಟ್ರೆ ಸ್ಟೀರಿಂಗ್ ಅದೇ ನೋಡ್ಕೊಳ್ಳತ್ತೆ, ಆದ್ರೆ ಕಾರು ಬಿಡಿಸ್ಕೊಳ್ಳೋಕೆ ಬ್ಲೂಪ್ರಿಂಟ್ ಅನ್ನೋ ಕಾರ್ಡುಗಳನ್ನ ಕೂಡಿಹಾಕಬೇಕು, ಕಾಯಬೇಕು ಇಲ್ಲಾ ದುಡ್ಡು ಹಾಕಬೇಕು. ಸಿಂಪಲ್ ಗೇಮಿನ ಸುಖನೂ ಇಲ್ಲ, ಟ್ಯೂನಿಂಗಿನ ಬುದ್ಧಿ ಕಸರತ್ತೂ ಇಲ್ಲ. ಇದಕ್ಕಿಂತ 2012ರ ಹಿಲ್ ಕ್ಲೈಂಬ್ ರೇಸಿಂಗ್ ಎಷ್ಟೋ ಪ್ರಾಮಾಣಿಕ, ಫಿನ್‌ಲ್ಯಾಂಡಿನ ಫಿಂಗರ್‌ಸಾಫ್ಟ್ ಮಾಡಿದ್ದು. ಎರಡೇ ಪೆಡಲ್ಲು, ಪೆಟ್ರೋಲ್ ಖಾಲಿ ಆಗೋ ಮುಂಚೆ ಮುಂದಿನ ಕ್ಯಾನ್ ಮುಟ್ಟಬೇಕು, ಗುಡ್ಡ ಇಳಿಯುವಾಗ ಜಾಸ್ತಿ ಒತ್ತಿದ್ರೆ ಮಗುಚಿ ತಲೆ ಕೆಳಗಾಗತ್ತೆ. ಅದ್ರಲ್ಲೂ ಎಂಜಿನ್, ಸಸ್ಪೆನ್ಷನ್, ಟೈರ್ ಅಪ್‌ಗ್ರೇಡ್ ಇದೆ, ಆದ್ರೆ ಯಾವ್ದು ಏನು ಮಾಡತ್ತೆ ಅಂತ ಮುಂದಿನ ಗುಡ್ಡದಲ್ಲೇ ಕಾಣತ್ತೆ. ಅಪ್ಗ್ರೇಡ್ ಇರಲಿ ತೊಂದ್ರೆ ಇಲ್ಲ, ಹೀಗಿದ್ರೆ ಸಾಕು.

ಆಗ್ಲೇ ಫೋರ್ಜಾ ಹೊರೈಜನ್ 5 ತಗೊಂಡಾಗಿದೆ, ಮೆನು ನೋಡಿ ಸುಸ್ತಾಗಿದೀರಾ, ಮಾರೋಕೆ ಹೋಗ್ಬೇಡಿ. ಅಪ್‌ಗ್ರೇಡ್ ಜಾಗದಲ್ಲಿ ಆಟೋ ಅಪ್‌ಗ್ರೇಡ್ ಇದೆ, ಯಾವ ಕ್ಲಾಸ್ ಬೇಕು ಅಂತ ಹೇಳಿದ್ರೆ ಅದೇ ಪಾರ್ಟ್ ಹಾಕ್ಕೊಳ್ಳತ್ತೆ. ಅದಕ್ಕಿಂತ ಚೆನ್ನಾಗಿರ್ಬೇಕು ಅಂದ್ರೆ ಬೇರೆ ಆಟಗಾರರು ಮಾಡಿಟ್ಟಿರೋ ಟ್ಯೂನ್ ಹುಡುಕಿ ಇಳಿಸ್ಕೊಳ್ಳಿ, ಗ್ಯಾರೇಜ್ ಇಷ್ಟ ಪಡೋರ ಶ್ರಮದ ಫಲ ರಸ್ತೆ ಇಷ್ಟ ಪಡೋರಿಗೆ ಸಿಗತ್ತೆ, ಇಬ್ಬರಿಗೂ ಸಂತೋಷ. ಮೆಕ್ಸಿಕೋದ ಆ ಮ್ಯಾಪಲ್ಲಿ ಸುಮ್ನೆ ಓಡಿಸ್ಕೊಂಡು ಹೋಗೋದಕ್ಕೆ ಅಷ್ಟು ಸಾಕು.

ಇನ್ನು ಸ್ಟೀರಿಂಗ್ ವೀಲು. ಲಾಜಿಟೆಕ್ ಜಿ29 ಥರದ್ದು 900 ಡಿಗ್ರಿ ತಿರುಗತ್ತೆ, ಅಂದ್ರೆ ಎರಡೂವರೆ ಸುತ್ತು. ಅಸೆಟ್ಟೋ ಕೊರ್ಸಾಗೆ ಅದು ಹೇಳಿ ಮಾಡಿಸಿದ್ದು. ಬರ್ನ್‌ಔಟು ಹಾಟ್ ಪರ್ಸ್ಯೂಟು ಥರದವು ಕೈಲಿ ಹಿಡಿಯೋ ಕಂಟ್ರೋಲರಿಗೆ ಅಂತ ಹದ ಮಾಡಿರೋ ಗೇಮ್‌ಗಳು, ಅಲ್ಲಿ ಹೆಬ್ಬೆರಳು ಒಂದು ಇಂಚು ಸರಿಯೋ ಹೊತ್ತಲ್ಲಿ ಆಗೋ ಕೆಲಸಕ್ಕೆ ವೀಲನ್ನ ಅಷ್ಟು ದೂರ ತಿರುಗಿಸ್ಕೊಂಡು ಕೂತ್ರೆ ಡ್ರಿಫ್ಟ್ (ತಿರುವಲ್ಲಿ ಕಾರನ್ನ ಅಡ್ಡ ಜಾರಿಸೋದು) ಕೈ ತಪ್ಪತ್ತೆ. ಅದಕ್ಕೆ ವೀಲು ಮೊದಲು ತಗೊಂಡು ಆಮೇಲೆ ಗೇಮ್ ಹುಡುಕೋದು ಬೇಡ. ಆರ್ಕೇಡ್ ಕಡೆ ಮನಸ್ಸಿದ್ರೆ ಒಂದು ಒಳ್ಳೆ ಕಂಟ್ರೋಲರ್ ತಗೊಳ್ಳಿ, ಉಳಿದ ದುಡ್ಡಲ್ಲಿ ಸೇಲ್ ಬಂದಾಗ ಮೇಲೆ ಹೇಳಿದ್ರಲ್ಲಿ ಎರಡು ಮೂರು ಗೇಮ್ ಬರತ್ತೆ.